ಬ್ಯಾಂಕಿಗೆ ಹೋಗಿ ಹೇಳಿದ ಮೇಲೂ ದುಡ್ಡು ಹೋಯಿತು. ಇದೂ ಅಪ್ಪನ ತಪ್ಪಾ?

ಆನಗೋಡಿನ ಮಗಳು:
ಎಲ್ಲರಿಗೂ ನಮಸ್ಕಾರ. ನಾನಿರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಅಪ್ಪ ಅಮ್ಮ ಆನಗೋಡಿನ ಹತ್ತಿರದ ಹಳ್ಳಿಯಲ್ಲಿದ್ದಾರೆ. ಮೆಕ್ಕೆಜೋಳ ಬೆಳೆಯುತ್ತಾರೆ. ಈ ಸಲದ ಜೋಳ ಎಪಿಎಂಸಿಯಲ್ಲಿ ಮಾರಿದ ದುಡ್ಡು ಖಾತೆಯಲ್ಲಿತ್ತು.

ಊರಿನ ವಾಟ್ಸಾಪ್ ಗ್ರೂಪಿಗೆ ಪಿಎಂ ಕಿಸಾನ್ ಹೆಸರಿನ ಫೈಲ್ ಬಂತು. ಕಳಿಸಿದ್ದು ಪರಿಚಯದವರದೇ ನಂಬರು. ಅವರ ಫೋನೂ ಕಳ್ಳರ ಕೈಗೆ ಸಿಕ್ಕಿತ್ತು ಅಂತ ಆಮೇಲೆ ಗೊತ್ತಾಯಿತು. ಅಪ್ಪ ಅದನ್ನು ಒತ್ತಿದರು, ಫೋನಿಗೆ ಒಂದು ಆ್ಯಪ್ ಇಳಿಯಿತು, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರು. ಓಟಿಪಿ ಯಾರಿಗೂ ಹೇಳಿಲ್ಲ. ಫೋನಿಗೆ ಬಂದ ಮೆಸೇಜನ್ನು ಆ ಆ್ಯಪೇ ಓದಿ ಅವರಿಗೆ ಕಳಿಸಿದೆ.

ಮರುದಿನ ಅಪ್ಪ ಗೊಬ್ಬರ ತರಲು ದಾವಣಗೆರೆಗೆ ಬಂದಿದ್ದರು. 12:18ಕ್ಕೆ 49,000 ಹೋಯಿತು. 12:26ಕ್ಕೆ 45,000. ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿ. ಅಪ್ಪ ಕನ್ನಡ ಪೇಪರನ್ನು ದಿನಾ ಓದುವವರು, ಇಂಗ್ಲಿಷ್ ಬರುವುದಿಲ್ಲ. ಗೊಬ್ಬರದ ಅಂಗಡಿ ಹುಡುಗ ಓದಿ, "ಯಜಮಾನ್ರೇ, ದುಡ್ಡು ಹೋಗ್ತಿದೆ" ಅಂದ. ಅಪ್ಪ ಚೀಲ ಅಲ್ಲೇ ಬಿಟ್ಟು ಬ್ಯಾಂಕಿಗೆ ಓಡಿದರು. ಆಗ ಹೊತ್ತು ಹತ್ತಿರ ಹತ್ತಿರ 12:45. ಕೌಂಟರಿನಲ್ಲಿದ್ದವರು, "ಅರ್ಜಿ ಬರೆದು ತನ್ನಿ, ಊಟ ಆದ ಮೇಲೆ ಬನ್ನಿ" ಅಂದರು. ಅಪ್ಪ ಹೊರಗಿನ ಬೆಂಚಿನಲ್ಲಿ ಕೂತರು. 1:22ಕ್ಕೆ ಇನ್ನೂ 38,500 ಹೋಯಿತು.

ನನಗೆ ವಿಷಯ ತಿಳಿದದ್ದು ಸಂಜೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಈಗ ಬ್ಯಾಂಕಿನವರದು ಒಂದೇ ಮಾತು: "ಒತ್ತಿದ್ದು ನೀವೇ ತಾನೆ?"

ಒತ್ತಿದ್ದು ತಪ್ಪು, ಒಪ್ಪಿದೆ. ಆದರೆ ಎದುರಿಗೆ ನಿಂತು ಹೇಳಿದ ಮೇಲೆ ಹೋದದ್ದೂ ನಮ್ಮ ತಲೆ ಮೇಲೇನಾ? ವಿಷಯ ಗೊತ್ತಿರುವವರು ಹೇಳಿ.

ಮಂಡಿಪೇಟೆ ಅಂಗಡಿ:
ತಂಗಿ, ಬೇಜಾರಾಯಿತು. ಆದರೂ ನನ್ನ ಅನುಭವ ಹೇಳುತ್ತೇನೆ, ಬ್ಯಾಂಕನ್ನು ನಂಬಿ ಕೂರಬೇಡಿ. ಫೈಲಿನ ಹೆಸರು ಎಪಿಕೆ (apk) ಅಂತ ಮುಗಿದರೆ ಅದು ಫೋನಿಗೆ ಆ್ಯಪ್ ಇಳಿಸುವ ಫೈಲು, ಅಣ್ಣ ತಮ್ಮ ಕಳಿಸಿದ್ದರೂ ನಾನು ಮುಟ್ಟುವುದಿಲ್ಲ. ಫೋನಿಗೆ ಜೋಡಿಸಿದ ಖಾತೆಯಲ್ಲಿ ಹತ್ತು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ. ವ್ಯಾಪಾರದ ದುಡ್ಡಿಗೆ ಬೇರೆ ಖಾತೆ. ಮೊದಲು ನಮ್ಮ ಬಾಗಿಲು ನಾವು ಹಾಕಿಕೊಳ್ಳಬೇಕು ಅಲ್ವಾ?

ಆನಗೋಡಿನ ಮಗಳು:
ಅಣ್ಣ, ನಿಮ್ಮ ಮಾತು ಸರಿ. ಅಪ್ಪನಿಗೂ ಹಾಗೇ ಮಾಡಿಸುತ್ತೇನೆ. ಆದರೆ ಆ ಖಾತೆಯಿಂದ ಅಪ್ಪ ಒಂದು ಸಲಕ್ಕೆ ಐದು ಸಾವಿರಕ್ಕಿಂತ ಜಾಸ್ತಿ ಯಾರಿಗೂ ಕಳಿಸಿದವರಲ್ಲ. ಗೊತ್ತೇ ಇಲ್ಲದ ಖಾತೆಗೆ ಎಂಟು ನಿಮಿಷದಲ್ಲಿ 94,000 ಹೋಗುವಾಗ ತಡೆಯುವ ಒಂದು ಬಾಗಿಲು ಬ್ಯಾಂಕಿನ ಕಡೆಯೂ ಇರಬೇಕಿತ್ತು.

ನಿವೃತ್ತ ಕ್ಯಾಷಿಯರ್:
ಅಮ್ಮಾ, ಮೂವತ್ತು ವರ್ಷ ಕೌಂಟರಿನಲ್ಲಿ ಕೂತವನು ನಾನು. ಓದಿ ಹೊಟ್ಟೆ ಉರಿಯಿತು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹುಡುಕಿ ಓದಿ. ಗ್ರಾಹಕರ ಅಜಾಗರೂಕತೆಯಿಂದ ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಇದು ಅದರಲ್ಲಿ ಸ್ಪಷ್ಟವಾಗಿದೆ. ಶಾಖೆಗೆ ಬಂದು ಹೇಳಿದರೂ ತಿಳಿಸಿದ ಹಾಗೇ. ಹೇಳಿದ ಕೂಡಲೇ ಖಾತೆ ತಡೆಯಬೇಕು, ದೂರಿನ ನಂಬರ್ ಕೊಡಬೇಕು. ಊಟದ ಹೊತ್ತು ಅನ್ನುವ ಮಾತೇ ಬರುವುದಿಲ್ಲ. ಆ 38,500 ಧೈರ್ಯವಾಗಿ ಕೇಳಿ.

ಮೊದಲಿನ 94,000 ಕಷ್ಟ, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೆ ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಅಪ್ಪ ಓಟಿಪಿ ಹೇಳಿಲ್ಲ ಅನ್ನುವುದನ್ನು ಬರೆದೇ ಕೊಡಿ. ಮುಖ್ಯವಾಗಿ, ಅಪ್ಪ 12:45ಕ್ಕೆ ಅಲ್ಲಿದ್ದರು ಅನ್ನುವುದಕ್ಕೆ ಏನಿದೆ?

ದುರ್ಗದ ಮೇಷ್ಟ್ರು:
ಇನ್ನೊಂದು ಬ್ಯಾಂಕನ್ನು ಎಲ್ಲರೂ ಮರೆಯುತ್ತಾರೆ, ದುಡ್ಡು ಹೋಗಿ ಸೇರಿದ್ದು. ಯಾರದೋ ಹೆಸರಿನಲ್ಲಿ ಬಾಡಿಗೆಗೆ ಕೊಟ್ಟ ಖಾತೆ ಇಲ್ಲದೆ ಈ ಕಳ್ಳತನ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ನಿಯಮ ಬಂದಿದೆ. ಮೋಸ ಹೋಗಿ ತಾವೇ ದುಡ್ಡು ಕಳಿಸಿದವರಿಗೂ 85,000 ಪೌಂಡಿನವರೆಗೆ ವಾಪಸ್ ಕೊಡಬೇಕು. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ. ತನ್ನ ಗಂಟು ಹೋಗುತ್ತದೆ ಅಂದಾಗ ಕಳ್ಳರ ಖಾತೆ ಹುಡುಕಲು ಬ್ಯಾಂಕಿಗೂ ಮನಸ್ಸು ಬರುತ್ತದೆ. ನಮ್ಮಲ್ಲೂ ಹೀಗೆ ಆಗಬೇಕು.

ಆನಗೋಡಿನ ಮಗಳು:
ಕ್ಯಾಷಿಯರ್ ಸರ್, ನಿಮ್ಮ ಪ್ರಶ್ನೆ ಓದಿದ ಕೂಡಲೇ ಅಪ್ಪನ ಜೇಬು ಹುಡುಕಿಸಿದೆ. ಗೊಬ್ಬರದ ಬಿಲ್ ಸಿಕ್ಕಿತು, ಅದರ ಮೇಲೆ 12:31 ಅಂತ ಅಚ್ಚಾಗಿದೆ. ಅಂಗಡಿಯಿಂದ ಬ್ಯಾಂಕಿಗೆ ಹತ್ತು ನಿಮಿಷದ ದಾರಿ. ಮೆಸೇಜು ಓದಿದ ಹುಡುಗ ತಾನೂ ಬಂದು ಹೇಳುತ್ತೇನೆ ಅಂದಿದ್ದಾನೆ.

ನಾಳೆ ಅರ್ಜಿ ಎರಡು ಪ್ರತಿ ಒಯ್ಯುತ್ತೇನೆ, ಒಂದಕ್ಕೆ ಸೀಲು ಹಾಕಿಸಿಕೊಳ್ಳುತ್ತೇನೆ. ಆ ದಿನದ ಸಿಸಿಟಿವಿ ಅಳಿಸಬೇಡಿ ಅಂತ ಅದರಲ್ಲೇ ಬರೆಯಲಾ, ಬೇರೆ ಅರ್ಜಿ ಕೊಡಲಾ?

ನಿವೃತ್ತ ಕ್ಯಾಷಿಯರ್:
ಬೇರೆ ಕೊಡಿ, ಹೊತ್ತು ನಮೂದಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯೋಣ, ಅದಕ್ಕೆ ಶುಲ್ಕ ಇಲ್ಲ. ಅಪ್ಪನನ್ನೂ ಕರೆದುಕೊಂಡು ಹೋಗಿ. ಯಾವ ಕೌಂಟರು ಅಂತ ಅವರೇ ತೋರಿಸಲಿ.