ಕನ್ನಡ ಅಂಕಿ ಪರದೆ ಮೇಲೆ ಬರುತ್ತಿಲ್ಲ, ಟೈಪ್ ಮಾಡಿದರೆ ನ್ಯಾನ್!

ಕೀಲಿಮಣೆ:
ವೆಬ್ ಆ್ಯಪ್ ಒಂದಕ್ಕೆ ಕನ್ನಡ ಅಂಕಿ ಸೇರಿಸುತ್ತಿದ್ದೇನೆ. ಸಂಖ್ಯೆಯನ್ನು ಆಯಾ ಭಾಷೆಯ ರೀತಿಯಲ್ಲಿ ಬರೆಯುವ ಜಾವಾಸ್ಕ್ರಿಪ್ಟ್‌ನ ಇಂಟಲ್ ನಂಬರ್‌ಫಾರ್ಮ್ಯಾಟ್‌ಗೆ ಕನ್ನಡ ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಕೊಟ್ಟರೂ 456 ಎಂದೇ ತೋರಿಸುತ್ತದೆ. ಇನ್ನೊಂದು ತಲೆನೋವು: ಫಾರ್ಮ್‌ನಲ್ಲಿ ಯಾರಾದರೂ ೨೫ ಎಂದು ತುಂಬಿದರೆ ಜಾವಾಸ್ಕ್ರಿಪ್ಟ್ ನ್ಯಾನ್ (NaN, ಅಂದರೆ 'ಸಂಖ್ಯೆಯಲ್ಲ') ಎನ್ನುತ್ತದೆ. ಸರ್ವರ್‌ನಲ್ಲಿರುವ ಪೈಥಾನ್ ಮಾತ್ರ ಅದನ್ನೇ ಆರಾಮಾಗಿ 25 ಎಂದು ಓದುತ್ತದೆ. ಯಾಕೆ ಹೀಗೆ?

ಅಂಕಿತಜ್ಞ:
ಮೊದಲನೆಯದು ಸುಲಭ. ಭಾಷಾವಾರು ರೂಢಿಗಳ ಯೂನಿಕೋಡ್ ಭಂಡಾರವಾದ ಸಿಎಲ್‌ಡಿಆರ್‌ನಲ್ಲಿ ಮರಾಠಿಗೆ ದೇವನಾಗರಿ ಅಂಕಿಯೇ ಡೀಫಾಲ್ಟ್, ಕನ್ನಡಕ್ಕೆ ಹಾಗಿಲ್ಲ. ನಂಬರಿಂಗ್‌ಸಿಸ್ಟಮ್ ಆಯ್ಕೆಗೆ 'ಕೆಎನ್‌ಡಿಎ' (knda) ಕೊಡಿ, ೪೫೬ ಬರುತ್ತದೆ.

ಎರಡನೆಯದಕ್ಕೆ ಸ್ವಲ್ಪ ಕೆಲಸ ಇದೆ. ಇಂಟಲ್ ಬರೆಯುತ್ತದೆ, ಓದುವುದಿಲ್ಲ. ಪೈಥಾನ್‌ನ ಇಂಟ್ ಯೂನಿಕೋಡ್‌ನ ಎಲ್ಲ ದಶಮಾಂಶ ಅಂಕಿಗಳನ್ನೂ ಒಪ್ಪುತ್ತದೆ, ಜಾವಾಸ್ಕ್ರಿಪ್ಟ್‌ಗೆ 0ರಿಂದ 9 ಬಿಟ್ಟರೆ ಬೇರೆ ಗೊತ್ತಿಲ್ಲ. ಪಠ್ಯದಲ್ಲಿ ಮಾದರಿ ಹುಡುಕುವ ರೆಜೆಕ್ಸ್‌ನಲ್ಲಿ ಅಂಕಿಯನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಶ್-ಡಿ ಕೂಡ ಅಲ್ಲಿ ಅಷ್ಟೇ. ಪರಿವರ್ತನೆ ನೀವೇ ಬರೆಯಬೇಕು. ಕನ್ನಡ ಸೊನ್ನೆಯ ಕೋಡ್ ಪಾಯಿಂಟ್ (ಯೂನಿಕೋಡ್‌ನಲ್ಲಿ ಅಕ್ಷರದ ಕ್ರಮಸಂಖ್ಯೆ) 3302, ಒಂಬತ್ತರದ್ದು 3311. ೨ ಅಂದರೆ 3304, ಅದರಿಂದ 3302 ಕಳೆದರೆ 2. ಬಂಗಾಳಿಗೆ 2534, ಪರ್ಶಿಯನ್‌ಗೆ 1776ರಿಂದ ಇದೇ ಲೆಕ್ಕ. ಎನ್‌ಎಫ್‌ಕೆಸಿ (ಸಮಾನ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ವಿಧಾನ) ಮಾಡಿದರೆ ಸಾಕು ಅಂತ ಯಾರಾದರೂ ಹೇಳಬಹುದು, ನಂಬಬೇಡಿ. ಅದು ಕನ್ನಡ ಅಂಕಿಗಳನ್ನು ಮುಟ್ಟುವುದೇ ಇಲ್ಲ.

ಇನ್‌ಪುಟ್ ಟೈಪ್ ಟೆಕ್ಸ್ಟ್ ಇರಲಿ, ನಂಬರ್ ಬೇಡ. ಡೇಟಾಬೇಸ್‌ಗೆ ಯಾವಾಗಲೂ ಬರೀ ಸಂಖ್ಯೆಯೇ ಹೋಗಲಿ.

ಕೀಲಿಮಣೆ:
೨೫ ಈಗ ಸರಿಹೋಯಿತು, ಥ್ಯಾಂಕ್ಸ್. ಆದರೆ ಒಬ್ಬರು ಕಳಿಸಿದ '೧ಂ' ಮಾತ್ರ ಒಳಗೆ ಹೋಗುತ್ತಿಲ್ಲ. ನೋಡಿದರೆ ಹತ್ತೇ ಅಲ್ವಾ?

ಅರ್ಕಾವತ್ತು:
ಅದು ಸೊನ್ನೆಯಲ್ಲ, ಅನುಸ್ವಾರ! ಕೋಡ್ ಪಾಯಿಂಟ್ 3202, ಸರಿಯಾಗಿ ನೂರು ಕಡಿಮೆ. ಕೆಲವು ಫಾಂಟ್‌ಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ತೆಲುಗು ಸೊನ್ನೆಯೂ ಹೀಗೇ ನುಸುಳುತ್ತದೆ. ಸುಮ್ನೆ ಬದಲಿಸಿಬಿಡಬೇಡಿ, '೧೦ ಎಂದಿರಬೇಕಾ?' ಎಂದು ಕೇಳಿ.

ಅಂಕಿತಜ್ಞ:
ಹೌದು. ಜೊತೆಗೆ ಒಂದೇ ಸಂಖ್ಯೆಯಲ್ಲಿ ಎರಡು ಲಿಪಿಯ ಅಂಕಿಗಳು ಬೆರೆತಿದ್ದರೆ ತಿರಸ್ಕರಿಸಿ. ಬಂಗಾಳಿಯ ৪ ನೋಡಿ, ಥೇಟ್ ಎಂಟು. ಆದರೆ ಅದರ ಬೆಲೆ ನಾಲ್ಕು! ಹಣದ ಫೀಲ್ಡ್‌ನಲ್ಲಿ ಇದು ತಮಾಷೆಯಲ್ಲ. ಪಾಸ್‌ವರ್ಡ್ ಫೀಲ್ಡ್‌ಗೆ ಮಾತ್ರ ಈ ಫಂಕ್ಷನ್ ತಾಗಿಸಲೇಬೇಡಿ.

ಕೀಲಿಮಣೆ:
ಎಲ್ಲ ಫೀಲ್ಡ್‌ಗೂ ಹಾಕಿಬಿಡೋಣ ಅಂತಿದ್ದೆ, ಈಗ ಸಂಖ್ಯೆಯ ಫೀಲ್ಡ್‌ಗಷ್ಟೇ ಇಡುತ್ತೇನೆ. ಚರ್ಚೆ ಮುಚ್ಚಬಹುದು.