ಅಪ್‌ಡೇಟ್: ಅವ್ವನ ವಾಂತಿ ಹತೋಟಿಗೆ ಬಂತು

ಅಂಡಾಶಯದ ಕ್ಯಾನ್ಸರ್ ಹರಡಿ ಅವ್ವನ ಕರುಳು ಕಟ್ಟಿದೆ, ಆಪರೇಷನ್ ತಡೆಯೋ ಶಕ್ತಿ ಇಲ್ಲ, ವಾಂತಿಗೇನು ಮಾಡೋದು ಅಂತ ಕೇಳಿದ್ದೆನಲ್ಲ. ಉತ್ತರಿಸಿದ ಎಲ್ಲರಿಗೂ ಶರಣು. ದಾವಣಗೆರೆಯಲ್ಲೇ ಈ ಹಂತದ ಆರೈಕೆ ಬಲ್ಲ ಡಾಕ್ಟರ್ ಸಿಕ್ಕರು. ಮೂಗಿನ ನಳಿಕೆಯಿಂದ ಹೊಟ್ಟೆ ಖಾಲಿ ಮಾಡಿಸಿ, ಚರ್ಮದಡಿ ಆಕ್ಟ್ರಿಯೊಟೈಡ್ ಅನ್ನೋ ಇಂಜೆಕ್ಷನ್ ಶುರು ಮಾಡಿದರು. ಅದರಿಂದ ಕರುಳಲ್ಲಿ ರಸ ಊರೋದೇ ಕಡಿಮೆಯಾಗುತ್ತೆ. ಜೊತೆಗೆ ಊತ ಇಳಿಸೋಕೆ ಡೆಕ್ಸಾಮೆಥಾಸೋನ್, ವಾಂತಿ ತಡೆಯೋಕೆ ಹ್ಯಾಲೊಪೆರಿಡಾಲ್, ನೋವಿಗೆ ಮಾರ್ಫಿನ್. ಮೊದಲು ವಾಂತಿಗೆ ಕೊಡ್ತಿದ್ದ ಮೆಟೊಕ್ಲೊಪ್ರಮೈಡ್ ಅನ್ನೋ ಔಷಧಿ ನಿಲ್ಲಿಸಿದರು. ಕರುಳು ಪೂರ್ತಿ ಕಟ್ಟಿದಾಗ ಅದು ಹೊಟ್ಟೆ ನುಲಿತ ಹೆಚ್ಚಿಸುತ್ತೆ, ಮನೆಯವರು ಇದನ್ನ ತಪ್ಪದೇ ಕೇಳಿ ತಿಳ್ಕೊಳ್ಳಿ.

ಈಗ ನಳಿಕೆ ತೆಗೆದಿದ್ದಾರೆ. ಯಾವಾಗಲೋ ಒಮ್ಮೆ ವಾಂತಿ ಆಗುತ್ತೆ, ಆದರೂ ರಾತ್ರಿ ನಿದ್ದೆ ಮಾಡ್ತಾಳೆ. ಬಾಯಿ ಒಣಗದಂತೆ ಐಸ್ ಚೂರು, ಬೇಕೆಂದಾಗ ಗುಟುಕು ಎಳನೀರು. ಗಂಜಿ ಕುಡಿಸು ಅಂತ ಒತ್ತಾಯಿಸೋ ನೆಂಟರಿಗೆ ಕೈಮುಗಿದು ಬೇಡ ಅಂತಿದೀನಿ.