ಬಾಯಿ ಸೊಟ್ಟಗಾಗಿದೆ, ಚೀನೀ ಸೂಜಿ ಚಿಕಿತ್ಸೆ ಮಾಡಿಸಿದವರು ಅನುಭವ ಹೇಳಿ

ಗುವಾಂಗ್‌ಝೌ ಗೃಹಿಣಿ: ನಿನ್ನೆ ಬೆಳಿಗ್ಗೆ ನಮ್ಮ ಯಜಮಾನರು ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ನೋಡಿದರೆ ಅರ್ಧ ಮುಖ ಜೋತುಬಿದ್ದಿದೆ, ಕಣ್ಣು ಮುಚ್ಚುತ್ತಿಲ್ಲ. ಹಣೆಯೂ ಸುಕ್ಕಾಗುತ್ತಿಲ್ಲ, ಕೈಕಾಲು ಸರಿ ಇದೆ, ಸ್ಟ್ರೋಕ್ ಅಲ್ಲ, ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರ ಸೋತಿದೆ ಅಂದರು ಡಾಕ್ಟರು. ಇವರಿಗೆ ಸಕ್ಕರೆ ಕಾಯಿಲೆ ಇದೆ, ಸ್ಟೆರಾಯ್ಡ್ ಅಂದರೆ ಭಯ. ಪಕ್ಕದ ಮನೆ ಚೀನೀ ಅಜ್ಜಿ ಸೂಜಿ ಹಾಕಿಸಿ ಅನ್ನುತ್ತಾರೆ. ಏನು ಮಾಡಲಿ?

ಶೆನ್‌ಝೆನ್ ಕನ್ನಡಿಗ: ಅಕ್ಕ, ಧೈರ್ಯವಾಗಿ ಹಾಕಿಸಿ. ನನಗೆ 2019ರಲ್ಲಿ ಬಲಗಡೆ ಹೋಗಿತ್ತು. ರಾತ್ರಿಯಿಡೀ ಎಸಿ ಗಾಳಿ ಕೆನ್ನೆಗೆ ಬಡಿದಿತ್ತು. ಗಾಳಿ, ಶೀತ ಹೊಕ್ಕಿದೆ ಅಂದರು ವೈದ್ಯರು. 10 ಸಲಕ್ಕೆ ಒಂದು ಕೋರ್ಸ್, ನಾನು ಮಾಡಿಸಿದ್ದು ಮೂರು. ಪ್ರತಿ ಸಲ ಸೂಜಿಗೆ 180 ಯುವಾನ್, ಹಿರಿಯ ವೈದ್ಯರ ಚೀಟಿಗೆ 50, ಟ್ಯಾಕ್ಸಿಗೆ ಹೋಗಲು 38, ಬರಲು 38. ಒಟ್ಟು 9,180. ಪುಡಿ ಔಷಧಿ ಬೇರೆ. ಬಾಯಿ ತುದಿ, ದವಡೆ, ಕಿವಿಯ ಹಿಂದೆ, ಮತ್ತೆ ಹೆಬ್ಬೆರಳು ತೋರುಬೆರಳ ನಡುವೆ ‘ಹೆ ಗು’ ಅನ್ನುವ ಜಾಗ, ಇಲ್ಲೆಲ್ಲ ಚುಚ್ಚಿದರು. 17ನೇ ಸಲ ಸೂಜಿ ತಿರುವಿದಾಗ ಮೇಲ್ದುಟಿ ಅದುರಿತು. ಅಲ್ಲೇ ಅತ್ತುಬಿಟ್ಟೆ. ಆ ಸೂಜಿಯೇ ನನ್ನ ಮುಖ ವಾಪಸ್ ಕೊಟ್ಟಿದ್ದು.

ಯಿವು ವ್ಯಾಪಾರಿ: ನನ್ನದು ಕೇಳಿ. ಸ್ಟೆರಾಯ್ಡ್ ಬೇಡವೆಂದು ನೇರ ಸೂಜಿಗೆ ಹೋದವನು ನಾನು. ಮೂರನೇ ದಿನವೇ ಸೂಜಿಗೆ ಕರೆಂಟ್ ಕೊಟ್ಟರು. ಮೊದಲ ವಾರ ನರ ಊದಿರುತ್ತದೆ, ಆಗ ಜೋರಾಗಿ ಕೆಣಕಬಾರದು ಅಂತ ಆಮೇಲೆ ಇನ್ನೊಬ್ಬ ಚೀನೀ ವೈದ್ಯರೇ ಬೈದರು. 14,600 ಯುವಾನ್ ಹೋಯಿತು. ಇನ್ಶೂರೆನ್ಸ್ ಒಂದು ಪೈಸೆ ಕೊಡಲಿಲ್ಲ. ಈಗ ನಕ್ಕರೆ ಎಡಗಣ್ಣು ಮುಚ್ಚಿಕೊಳ್ಳುತ್ತದೆ. ತುತ್ತು ಬಾಯಿಗಿಟ್ಟರೆ ಅದೇ ಕಣ್ಣಲ್ಲಿ ನೀರು. ತಂಗಿ ಮದುವೆಯ ಒಂದು ಫೋಟೋದಲ್ಲೂ ನಾನು ನಕ್ಕಿಲ್ಲ. 72 ಗಂಟೆಯೊಳಗೆ ಪ್ರೆಡ್ನಿಸೋಲೋನ್ ಅನ್ನುವ ಸ್ಟೆರಾಯ್ಡ್ ತಗೊಂಡಿದ್ದರೆ ಅಂತ ಇವತ್ತಿಗೂ ಕೊರಗುತ್ತೇನೆ.

ಶೆನ್‌ಝೆನ್ ಕನ್ನಡಿಗ: ನಿಮಗೆ ಸಿಕ್ಕ ವೈದ್ಯ ಸರಿಯಿಲ್ಲ ಅಂದರೆ ಚಿಕಿತ್ಸೆಯನ್ನೇ ಯಾಕೆ ದೂರುತ್ತೀರಿ?

ಶಾಂಘೈ ಮಗಳು: ಸರ್, ನೀವು ಸ್ಟೆರಾಯ್ಡ್ ತಗೊಂಡಿದ್ರಾ ಇಲ್ವಾ?

ಶೆನ್‌ಝೆನ್ ಕನ್ನಡಿಗ: 10 ದಿನ ತಗೊಂಡೆ. ಏನೂ ಆಗಲಿಲ್ಲ.

ಶಾಂಘೈ ಮಗಳು: ಮತ್ತೆ ಸೂಜಿಯೇ ವಾಸಿ ಮಾಡಿತು ಅಂತ ಹೇಗೆ ಹೇಳುತ್ತೀರಿ? ನೂರರಲ್ಲಿ ಸುಮಾರು 70 ಜನಕ್ಕೆ ಏನೂ ಮಾಡದಿದ್ದರೂ ಪೂರ್ತಿ ವಾಸಿಯಾಗುತ್ತದೆ. 2007ರ ಸ್ಕಾಟ್‌ಲೆಂಡ್ ಅಧ್ಯಯನದಲ್ಲಿ ಪ್ರೆಡ್ನಿಸೋಲೋನ್ ತಗೊಂಡವರಲ್ಲಿ 9 ತಿಂಗಳಿಗೆ ಶೇ. 94ರಷ್ಟು ಜನ ಸರಿಹೋದರು, ತಗೊಳ್ಳದವರಲ್ಲಿ ಶೇ. 82. ಚೀನಾದಲ್ಲೇ 338 ಜನರ ಮೇಲೆ ಸೂಜಿ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರಲ್ಲ, ಅದರಲ್ಲೂ ಎಲ್ಲರಿಗೂ ಸ್ಟೆರಾಯ್ಡ್ ಕೊಟ್ಟಿದ್ದರು. ನಮ್ಮಪ್ಪನಿಗೂ ಸಕ್ಕರೆ ಇತ್ತು. ಸ್ಟೆರಾಯ್ಡ್ ಶುರುವಾದ ನಾಲ್ಕನೇ ದಿನ 380 ಮುಟ್ಟಿತು. ಇನ್ಸುಲಿನ್ ಕೊಟ್ಟು ಇಳಿಸಿದರು. ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಆದರೆ ಮುಖ ಏಳು ವಾರಕ್ಕೆ ಸರಿಹೋಯಿತು.

ಶೆನ್‌ಝೆನ್ ಕನ್ನಡಿಗ: ನಿಮ್ಮ ಲೆಕ್ಕ ನಿಮ್ಮ ಹತ್ತಿರವೇ ಇರಲಿ ಮೇಡಂ. ತುಟಿ ಅದುರಿದ್ದು ನನ್ನದು. ಸೂಜಿ ಜೊತೆ ‘ಚಿಯಾನ್ ಝೆಂಗ್ ಸಾನ್’ ಪುಡಿಯೂ ಕೆಲಸ ಮಾಡಿತು.

ರಾಮನಗರದವನು: ಆ ಪುಡಿಯಲ್ಲಿ ಏನಿದೆ ಗೊತ್ತಾ? ಒಂದು ವಿಷದ ಗೆಡ್ಡೆ, ಅದನ್ನು ಹದ ಮಾಡದೆ ತಿನ್ನುವ ಹಾಗಿಲ್ಲ. ಚೇಳು. ಮತ್ತೆ ಬೂಸ್ಟು ಹತ್ತಿ ಸತ್ತ ರೇಷ್ಮೆ ಹುಳು. ನಮ್ಮಲ್ಲಿ ಸುಣ್ಣಕಟ್ಟು ರೋಗ ಅನ್ನುತ್ತೇವಲ್ಲ, ಅದೇ. ಹುಳು ಬೆಳ್ಳಗೆ ಸೀಮೆಸುಣ್ಣದ ಕಡ್ಡಿ ಹಾಗೆ ಸೆಟೆದುಕೊಳ್ಳುತ್ತದೆ. ಒಂದು ಮನೆಗೆ ಬಂದರೆ ಬೆಳೆಯೇ ಹೋಯಿತು, ನಮ್ಮಪ್ಪ ತಟ್ಟೆಗಟ್ಟಲೆ ಸುಟ್ಟುಹಾಕಿದ್ದಾರೆ. ಅಲ್ಲಿ ಅದನ್ನು ತೂಕಕ್ಕೆ ಮಾರುತ್ತಾರೆ.

ಯಿವು ವ್ಯಾಪಾರಿ: ಚೇಳಾ? ನನಗೂ ಅದೇ ಪುಡಿ ಕೊಟ್ಟರು! ಸಸ್ಯಾಹಾರಿ ಅಂತ ಎರಡು ಸಲ ಹೇಳಿದ್ದೆ. ಎರಡು ತಿಂಗಳು ಬಿಸಿನೀರಲ್ಲಿ ಕಲಸಿ ಕುಡಿದಿದ್ದೇನೆ.

ಶೆನ್‌ಝೆನ್ ಕನ್ನಡಿಗ: ಔಷಧಿಯಲ್ಲಿ ಸಸ್ಯಾಹಾರ ನೋಡುತ್ತಾರಾ? ಮಾತ್ರೆಯ ಕ್ಯಾಪ್ಸೂಲ್ ಯಾವುದರದ್ದು ಅಂದುಕೊಂಡಿರಿ?

ಯಿವು ವ್ಯಾಪಾರಿ: ನನಗೆ ಹೇಳಿ ಕೊಡಬೇಕಿತ್ತು. ಕುಡಿಯೋದು ಬಿಡೋದು ನನ್ನಿಷ್ಟ. ನೀವ್ಯಾರು ತೀರ್ಮಾನಿಸೋಕೆ?

ಗುವಾಂಗ್‌ಝೌ ಗೃಹಿಣಿ: ಇವತ್ತು ಪ್ರೆಡ್ನಿಸೋಲೋನ್ ಶುರು ಮಾಡಿದೆವು, ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡುತ್ತಿದ್ದೇವೆ. ಸೂಜಿಗೆ ಮುಂದಿನ ವಾರ ಚೀಟಿ ತಗೊಂಡಿದ್ದೇನೆ. ರಾತ್ರಿ ಕಣ್ಣಿಗೆ ಹಾಕಿದ ಟೇಪ್ ಬಿಟ್ಟುಹೋಗುತ್ತಿದೆ, ಅದಕ್ಕೇನು ಮಾಡುವುದು?

ಯಿವು ವ್ಯಾಪಾರಿ: ಅಕ್ಕ, ಮೊದಲು ಕಣ್ಣೊಳಗೆ ಮುಲಾಮು ಹಾಕಿ. ರೆಪ್ಪೆ ಮೇಲೆ ತಾಗಿದ್ದನ್ನು ಚೆನ್ನಾಗಿ ಒರೆಸಿ, ಜಿಡ್ಡಿದ್ದರೆ ಟೇಪ್ ನಿಲ್ಲಲ್ಲ. ಬೆರಳಲ್ಲಿ ರೆಪ್ಪೆ ಪೂರ್ತಿ ಇಳಿಸಿ, ಆಮೇಲೆ ಟೇಪ್ ಅಂಟಿಸಿ. ಬರೀ ಹತ್ತಿ ಇಟ್ಟು ಕಟ್ಟಬೇಡಿ, ಒಳಗೆ ಕಣ್ಣು ತೆರೆದುಕೊಂಡರೆ ಗುಡ್ಡೆಗೆ ಉಜ್ಜುತ್ತದೆ. ನನಗೆ ಹಾಗೇ ಆಗಿತ್ತು.